ಇಲಿಮರಿಗಳ ಕಣ್ಣು ತೆರೆಸಿದ ಪ್ರೋಟೀನ್

ಜೀವವಿಜ್ಞಾನದ ಪ್ರಯೋಗಶಾಲೆಗಳ ಶೀತಪೆಟ್ಟಿಗೆಗಳಲ್ಲಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಕಿರುಬೆರಳಿನ ಗಾತ್ರವನ್ನು ಮೀರದ ಸಣ್ಣ ಸೀಸೆಗಳನ್ನು ಸಾಲಾಗಿ ಇಟ್ಟಿರುವುದುಂಟು. ಅವುಗಳಲ್ಲಿ ಒಂದನ್ನೆತ್ತಿ ಬೆಳಕಿಗೆ ಹಿಡಿದವರಿಗೆ ಅದು ಬರಿದಾಗಿರುವಂತೆಯೇ ತೋರುವುದು, ಏಕೆಂದರೆ ತಳದಲ್ಲಿ ಅಂಟಿಕೊಂಡಿರುವ ಬಿಳಿಯ ಪುಡಿ ಒಂದು ಗ್ರಾಮಿನ ಹತ್ತುಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಸೀಸೆಗೆ ಅಂಟಿಸಿದ ಚೀಟಿಯಲ್ಲಿ ‘ರೀಕಾಂಬಿನೆಂಟ್ ಮಾನವ ಇ.ಜಿ.ಎಫ್.’ ಎಂಬ ಹೆಸರೂ, ಬ್ಯಾಚಿನ ಸಂಖ್ಯೆಯೂ, ಅವುಗಳ ಕೆಳಗೆ ‘ಸಂಶೋಧನೆಯ ಉಪಯೋಗಕ್ಕೆ ಮಾತ್ರ’ ಎಂಬ ಎಚ್ಚರಿಕೆಯೂ ಇರುತ್ತವೆ. ಈ ಪುಡಿ ಮನುಷ್ಯದೇಹದ ಒಂದು ಪ್ರೋಟೀನ್. ಆದರೆ ಅದನ್ನು ಯಾವ ಮನುಷ್ಯನ ದೇಹದಿಂದಲೂ ತೆಗೆದದ್ದಲ್ಲ. ಮನುಷ್ಯನ ಜೀನಿನ ಸಂದೇಶವನ್ನು ಬ್ಯಾಕ್ಟೀರಿಯದೊಳಕ್ಕೆ ಸೇರಿಸಿ, ಅದರಿಂದ ಈ ಪ್ರೋಟೀನನ್ನು ಕಟ್ಟಿಸಿ, ಶುದ್ಧಪಡಿಸಿ, ಒಣಗಿಸಿ ಸೀಸೆಗೆ ತುಂಬಿರುತ್ತಾರೆ. ಸಂಶೋಧನೆಗೆಂದೇ ತಯಾರಾಗುವ ಇಂಥ ಮಾನವ ಪ್ರೋಟೀನುಗಳು ಇಂದು ನೂರಾರು ಉಂಟು. ಅವುಗಳಲ್ಲಿ ಇ.ಜಿ.ಎಫ್. ಒಂದನ್ನೇ ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣ, ಅದರ ಚರಿತ್ರೆಯಲ್ಲಿ ಈ ಇಡೀ ವರ್ಗದ ಮಹತ್ತ್ವ ಸ್ಫುಟವಾಗಿ ಕಾಣುತ್ತದೆ ಎಂಬುದು.

ಇ.ಜಿ.ಎಫ್. ಎಂದರೆ ಹೊರಚರ್ಮದ ವೃದ್ಧಿಕಾರಕ. ನಮ್ಮ ಜೊಲ್ಲಿನಲ್ಲಿ, ಕಣ್ಣೀರಿನಲ್ಲಿ, ತಾಯಿಯ ಹಾಲಿನಲ್ಲಿ, ಮೂತ್ರದಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಪ್ರೋಟೀನುಗಳ ಲೋಕದಲ್ಲಿ ಅದು ತೀರ ಚಿಕ್ಕದು. ರಕ್ತದ ಹಿಮೋಗ್ಲೋಬಿನ್ನಿನಲ್ಲಿ 574 ಅಮೈನೊ ಆಮ್ಲಗಳಿದ್ದರೆ ಇದರಲ್ಲಿ ಇರುವುವು 53 ಮಾತ್ರ. ಜೀವಕೋಶದ ಹೊರಮೈಗೆ ಬಂದು ತಾಗಿ, ಒಳಹೊಗದೆಯೇ, ‘ಬೆಳೆ, ಇಬ್ಭಾಗವಾಗು’ ಎಂಬ ಆಜ್ಞೆಯನ್ನು ಒಳಕ್ಕೆ ಮುಟ್ಟಿಸುವುದು ಅದರ ಕೆಲಸ.

ಅದು ಬೆಳಕಿಗೆ ಬಂದ ಬಗೆ ವಿಜ್ಞಾನದ ಚರಿತ್ರೆಯಲ್ಲಿ ಮನನಯೋಗ್ಯವಾದ ಪ್ರಕರಣಗಳಲ್ಲಿ ಒಂದು. ಇಟಲಿಯ ಟ್ಯೂರಿನ್ ನಗರದ ರೀಟಾ ಲೆವಿ-ಮೊಂಟಾಲ್ಚಿನಿ ಎಂಬಾಕೆ, ಯೆಹೂದ್ಯರ ಮೇಲೆ ಮುಸೊಲೀನಿಯ ಸರ್ಕಾರ ಹೇರಿದ ಕಾನೂನುಗಳಿಂದ ವಿಶ್ವವಿದ್ಯಾಲಯದ ಬಾಗಿಲು ತಮಗೆ ಮುಚ್ಚಿದಾಗ, ಮಲಗುವ ಕೋಣೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು ಕೋಳಿಯ ಭ್ರೂಣಗಳ ನರಗಳನ್ನು ಅಭ್ಯಸಿಸಿದವರು. ಯುದ್ಧಾನಂತರ ವಿಕ್ಟರ್ ಹ್ಯಾಂಬರ್ಗರ್ ಅವರ ಆಹ್ವಾನದ ಮೇಲೆ ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಬಂದ ಆಕೆ, ಭ್ರೂಣದ ನರಗಳನ್ನು ಎಲ್ಲ ದಿಕ್ಕುಗಳಿಗೂ ಚಿಗುರಿಸುವ ಒಂದು ವಸ್ತು ಇದೆಯೆಂದು ಕಂಡುಕೊಂಡರು. ಆದರೆ ಆ ವಸ್ತುವನ್ನು ಬೇರ್ಪಡಿಸಿ ಕೈಗೆ ಕೊಡಬಲ್ಲ ಒಬ್ಬ ಜೀವರಸಾಯನಜ್ಞ ಬೇಕಾಗಿತ್ತು. ಆ ಸ್ಥಾನಕ್ಕೆ 1953ರಲ್ಲಿ ಬಂದವರು ಸ್ಟ್ಯಾನ್ಲಿ ಕೋಹೆನ್. ಬ್ರೂಕ್ಲಿನ್‌ನ ಒಬ್ಬ ದರ್ಜಿಯ ಮಗನಾದ ಇವರು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎರೆಹುಳುಗಳ ದೇಹವ್ಯಾಪಾರದ ಮೇಲೆ ಪ್ರಬಂಧವನ್ನು ಬರೆಯುವುದಕ್ಕಾಗಿ ರಾತ್ರಿಯ ಹೊತ್ತು ವಿಶ್ವವಿದ್ಯಾಲಯದ ಹುಲ್ಲುಹಾಸಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಹುಳುಗಳನ್ನು ಹೆಕ್ಕಿದವರು. ಅವರ ಶ್ರದ್ಧೆಯ ಸ್ವರೂಪವನ್ನು ತಿಳಿಯಲು ಅದೊಂದು ಸಂಗತಿಯೇ ಸಾಕು.

ಕೋಹೆನ್ ಅವರಿಗೆ ಒದಗಿಬಂದದ್ದು ಆಕಸ್ಮಿಕಗಳ ಒಂದು ಪರಂಪರೆ. ನರಗಳನ್ನು ಚಿಗುರಿಸುವ ಆ ವಸ್ತುವಿನಲ್ಲಿ, ಎಂದರೆ ನರವೃದ್ಧಿಕಾರಕದಲ್ಲಿ, ನ್ಯೂಕ್ಲಿಯಿಕ್ ಆಮ್ಲದ ಪಾತ್ರವೇನಾದರೂ ಇದೆಯೇ ಎಂದು ಪರೀಕ್ಷಿಸಲು, ಆ ಆಮ್ಲವನ್ನು ಒಡೆಯುವ ಕಿಣ್ವವನ್ನುಳ್ಳ ಹಾವಿನ ವಿಷವನ್ನು ಅವರು ಬೆರೆಸಿದರು. ನರಗಳ ಬೆಳವಣಿಗೆ ಕುಂಠಿತವಾಗುವುದಕ್ಕೆ ಬದಲಾಗಿ ಇಮ್ಮಡಿಸಿ ಮುಮ್ಮಡಿಸಿತು. ವಿಷದಲ್ಲಿಯೇ ಆ ಕಾರಕ ಹೇರಳವಾಗಿತ್ತು. ಹಾವಿನ ವಿಷಗ್ರಂಥಿಗೆ ಸಂವಾದಿಯಾದ ಅಂಗ ಇತರ ಪ್ರಾಣಿಗಳಲ್ಲಿ ಲಾಲಾಗ್ರಂಥಿಯಲ್ಲವೇ ಎಂಬ ಯೋಚನೆಯಿಂದ ಅವರು ಗಂಡಿಲಿಗಳ ದವಡೆಯ ಕೆಳಗಿನ ಗ್ರಂಥಿಯ ಕಡೆಗೆ ತಿರುಗಿದರು. ಅಲ್ಲಿ ಅದು ವಿಷದಲ್ಲಿದ್ದುದಕ್ಕಿಂತಲೂ ಸಮೃದ್ಧವಾಗಿ ದೊರೆಯಿತು. ಆ ಗ್ರಂಥಿಯ ಅರೆಶುದ್ಧ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ದಿನವೂ ಚುಚ್ಚುತ್ತ ಬಂದಾಗ, ಯಾರೂ ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕನೆಯ ದಿನಕ್ಕೆ ಕಣ್ತೆರೆಯುವ ಮರಿಗಳು ಏಳನೆಯ ದಿನಕ್ಕೇ ಕಣ್ತೆರೆದುವು. ಹಲ್ಲುಗಳೂ ಕೆಲವು ದಿನ ಮುಂಚಿತವಾಗಿ ಮೂಡಿದುವು. ಶುದ್ಧವಾದ ನರವೃದ್ಧಿಕಾರಕವನ್ನು ಕೊಟ್ಟಾಗಲಾದರೋ ಹೀಗಾಗುತ್ತಿರಲಿಲ್ಲ.

ಹುಡುಕುತ್ತಿದ್ದುದು ನರಗಳ ವಸ್ತುವಾದುದರಿಂದ, ಕಣ್ಣೆವೆಯ ಈ ವಿಚಿತ್ರವನ್ನು ಸಾರದಲ್ಲಿದ್ದ ಯಾವುದೋ ಕಲ್ಮಷದ ಪರಿಣಾಮವೆಂದು ತಳ್ಳಿಹಾಕಿ ಮುಂದೆ ಸಾಗುವುದು ಅತ್ಯಂತ ಸಹಜವಾಗಿತ್ತು. ಕೋಹೆನ್ ಹಾಗೆ ಮಾಡಲಿಲ್ಲ. 1959ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದಮೇಲೆ ಅವರು ಆ ‘ಕಲ್ಮಷ’ವನ್ನೇ ತಮ್ಮ ಜೀವಿತಕಾರ್ಯವನ್ನಾಗಿ ಮಾಡಿಕೊಂಡು, ಗ್ರಂಥಿಯ ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ, ಪ್ರತಿಯೊಂದು ಭಾಗವನ್ನೂ ಮರಿಗಳಿಗೆ ಚುಚ್ಚಿ, ಯಾವುದು ಕಣ್ಣು ತೆರೆಸುತ್ತದೆಂದು ಕಾದು ನೋಡಿ, 1962ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿದ ವರದಿಯನ್ನು ಪ್ರಕಟಿಸಿದರು. ಕಣ್ಣು ಬೇಗ ತೆರೆಯುತ್ತಿದ್ದುದು ಎವೆಗಳ ಹೊರಚರ್ಮ ಶೀಘ್ರವಾಗಿ ದಪ್ಪಗಾಗಿ, ಮೇಲ್ಪದರ ಗಟ್ಟಿಗೊಂಡು, ಅಂಟಿಕೊಂಡಿದ್ದ ಎರಡು ಎವೆಗಳೂ ಅವಧಿಗೆ ಮುನ್ನವೇ ಬೇರೆಯಾಗುತ್ತಿದ್ದುದರಿಂದ ಎಂಬುದೂ ಆ ಬಳಿಕ ಸ್ಪಷ್ಟವಾಯಿತು. ಇಲಿಯ ಇ.ಜಿ.ಎಫ್.ನಲ್ಲಿ ಅಮೈನೊ ಆಮ್ಲಗಳು ಯಾವ ಕ್ರಮದಲ್ಲಿವೆಯೆಂಬುದು 1972ರಲ್ಲಿ ನಿರ್ಧಾರವಾಯಿತು. 1986ರ ನೊಬೆಲ್ ಪಾರಿತೋಷಕವನ್ನು ಲೆವಿ-ಮೊಂಟಾಲ್ಚಿನಿ ಮತ್ತು ಕೋಹೆನ್ ಹಂಚಿಕೊಂಡರು.

ಇಲಿಯಲ್ಲಿ ಸಿಕ್ಕಿದ್ದು ಮನುಷ್ಯನಲ್ಲಿ ಎಲ್ಲಿದೆ? ಇದಕ್ಕೆ ಉತ್ತರ ಬಂದದ್ದು ಬೇರೊಂದು ದಾರಿಯಿಂದ. ಜಠರದಲ್ಲಿ ಆಮ್ಲ ಸ್ರವಿಸುವುದನ್ನು ತಡೆಯುವ ಯಾವುದೋ ಪದಾರ್ಥ ಮನುಷ್ಯರ ಮೂತ್ರದಲ್ಲಿದೆಯೆಂದು ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರು. ಅದಕ್ಕೆ ಯೂರೋಗ್ಯಾಸ್ಟ್ರೋನ್ ಎಂದು ಹೆಸರಿಟ್ಟಿದ್ದರು. ಬ್ರಿಟನ್ನಿನಲ್ಲಿ ಹ್ಯಾರಿ ಗ್ರೆಗರಿಯವರು ಅದನ್ನು ಶುದ್ಧಪಡಿಸಿ, ಅದರ ರಚನೆಯನ್ನು ಬಿಡಿಸಿ 1975ರಲ್ಲಿ ಪ್ರಕಟಿಸಿದಾಗ, ಅದರ 53 ಅಮೈನೊ ಆಮ್ಲಗಳಲ್ಲಿ 37 ಇಲಿಯ ಇ.ಜಿ.ಎಫ್.ನಲ್ಲಿದ್ದುವೇ ಆಗಿರುವುದು ಕಂಡುಬಂದಿತು. ಅದೇ ವರ್ಷ ಕೋಹೆನ್ ಮತ್ತು ಅವರ ಸಹೋದ್ಯೋಗಿ ಗ್ರಹಾಂ ಕಾರ್ಪೆಂಟರ್ ಅವರು ಕೂಡ ಮನುಷ್ಯರ ಮೂತ್ರದಿಂದಲೇ ಮಾನವ ಇ.ಜಿ.ಎಫ್. ಅನ್ನು ಬೇರ್ಪಡಿಸಿದರು. ಜಠರವೈದ್ಯರ ವಸ್ತುವೂ ಇಲಿಮರಿಗಳ ಕಣ್ಣು ತೆರೆಸಿದ ವಸ್ತುವೂ ಒಂದೇ ಕುಲಕ್ಕೆ ಸೇರಿದುವಾಗಿದ್ದುವು.

ಆದರೆ ಮೂತ್ರದಿಂದ ತೆಗೆಯುವುದೆಂದರೆ ಅಪಾರ ಪರಿಮಾಣದ ದ್ರವವನ್ನು ಶೇಖರಿಸಿ ಅತ್ಯಲ್ಪವಾದ ಫಲವನ್ನು ಪಡೆಯುವ ಕೆಲಸ. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿತ್ತು. ಒಂದು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿದ ಸಾರಕ್ಕೂ ಮತ್ತೊಂದರಲ್ಲಿ ಬೇರ್ಪಡಿಸಿದ ಸಾರಕ್ಕೂ ಶುದ್ಧತೆಯಲ್ಲಿ ಅಂತರವಿರುತ್ತಿತ್ತು. ಒಬ್ಬರು ಕಂಡ ಪರಿಣಾಮವನ್ನು ಇನ್ನೊಬ್ಬರು ಕಾಣದೆಹೋದರೆ, ತಪ್ಪು ಊಹೆಯದೋ ಸಾರದ್ದೋ ಎಂದು ನಿಶ್ಚಯಿಸುವ ಮಾರ್ಗವಿರಲಿಲ್ಲ. ಪ್ರಯೋಗವೆಂಬುದು ಬೇರೆಬೇರೆ ಜನ, ಬೇರೆಬೇರೆ ಸ್ಥಳಗಳಲ್ಲಿ ಮಾಡಿದರೂ ಒಂದೇ ಫಲವನ್ನು ಕೊಡಬೇಕಾದದ್ದು. ಪದಾರ್ಥವೇ ಒಂದಲ್ಲದಿದ್ದರೆ ಆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ರೀಕಾಂಬಿನೆಂಟ್ ಪ್ರೋಟೀನುಗಳು ವಿಜ್ಞಾನಕ್ಕೆ ಮಾಡಿದ ಉಪಕಾರಗಳಲ್ಲಿ ಅಗ್ರಗಣ್ಯವಾದದ್ದು ವಸ್ತುವಿನ ಈ ಏಕರೂಪತೆಯೆಂದು ನಾನು ಭಾವಿಸುತ್ತೇನೆ. ಸಮೃದ್ಧಿ ಅದರ ನಂತರದ್ದು.

ಒಂದು ಜೀವಿಯ ಡಿ.ಎನ್.ಎ. ತುಣುಕನ್ನು ಕತ್ತರಿಸಿ ಇನ್ನೊಂದರ ಡಿ.ಎನ್.ಎ.ಗೆ ಬೆಸೆದು ಬ್ಯಾಕ್ಟೀರಿಯದಲ್ಲಿ ವೃದ್ಧಿಗೊಳಿಸುವ ವಿಧಾನವನ್ನು 1973ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೋರಿಸಿಕೊಟ್ಟವರು ಹರ್ಬರ್ಟ್ ಬಾಯರ್ ಮತ್ತು ಸ್ಟ್ಯಾನ್ಲಿ ಕೋಹೆನ್. ಈ ಸ್ಟ್ಯಾನ್ಲಿ ಕೋಹೆನ್ ಸ್ಟ್ಯಾನ್‌ಫರ್ಡಿನವರು, ನ್ಯಾಶ್‌ವಿಲ್ಲಿನವರಲ್ಲ. ಒಂದೇ ಹೆಸರಿನ ಇಬ್ಬರು ವಿಜ್ಞಾನಿಗಳಲ್ಲಿ ಒಬ್ಬರು ಇ.ಜಿ.ಎಫ್. ಅನ್ನು ಕಂಡುಹಿಡಿದವರೂ ಇನ್ನೊಬ್ಬರು ಅದನ್ನು ಬ್ಯಾಕ್ಟೀರಿಯದಲ್ಲಿ ತಯಾರಿಸುವ ಮಾರ್ಗಕ್ಕೆ ಅಡಿಪಾಯ ಹಾಕಿದವರೂ ಆಗಿರುವುದರಿಂದ, ಓದುಗರು ಇವರನ್ನು ಒಬ್ಬರೆಂದು ತಿಳಿಯುವ ಸಂಭವ ಬಹಳ. 1978ರಲ್ಲಿ ಇದೇ ವಿಧಾನದಿಂದ ಮಾನವ ಇನ್ಸುಲಿನ್ ತಯಾರಾಯಿತು. 1982ರಲ್ಲಿ ಯೂರೋಗ್ಯಾಸ್ಟ್ರೋನಿನ ಜೀನನ್ನು, ಅದರ ಅಮೈನೊ ಆಮ್ಲಗಳ ಕ್ರಮವನ್ನು ನೋಡಿಕೊಂಡೇ, ರಾಸಾಯನಿಕವಾಗಿ ಜೋಡಿಸಿ ಬ್ಯಾಕ್ಟೀರಿಯಕ್ಕೆ ಸೇರಿಸಿದ ವರದಿ ಬಂದಿತು; ಮರುವರ್ಷ ಯೀಸ್ಟಿನಿಂದಲೂ ಮಾನವ ಇ.ಜಿ.ಎಫ್. ತಯಾರಾಯಿತು. ಮನುಷ್ಯದೇಹದಲ್ಲಿ ಈ ಪ್ರೋಟೀನು 1,207 ಅಮೈನೊ ಆಮ್ಲಗಳುಳ್ಳ ಒಂದು ಉದ್ದದ ಪೂರ್ವರೂಪದ ಭಾಗವಾಗಿ ಹುಟ್ಟಿ ಬಳಿಕ ಕತ್ತರಿಸಲ್ಪಡುತ್ತದೆ. ಬ್ಯಾಕ್ಟೀರಿಯಕ್ಕಾದರೋ ಆ ದೀರ್ಘ ಪ್ರಕ್ರಿಯೆಯ ಗೊಡವೆಯಿಲ್ಲದೆ, 53ರ ಸಂದೇಶವನ್ನಷ್ಟೇ, 159 ಅಕ್ಷರಗಳಲ್ಲಿ, ಬರೆದುಕೊಡಬಹುದಾಗಿತ್ತು.

ಇಷ್ಟಾದರೆ ಕೆಲಸ ಮುಗಿಯಿತೆಂದಲ್ಲ. ನಮ್ಮ ಕರುಳಿನಲ್ಲಿಯೇ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯವನ್ನು ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಬೆಳೆಸಿ, ತಕ್ಕ ಸಮಯದಲ್ಲಿ ಸಂಕೇತ ಕೊಟ್ಟು ಪ್ರೋಟೀನನ್ನು ಕಟ್ಟಿಸಬಹುದು. ಆದರೆ ಕಟ್ಟಿದ್ದು ಸರಿಯಾಗಿ ಮಡಿಚಿಕೊಳ್ಳಬೇಕು. ಇ.ಜಿ.ಎಫ್.ನಲ್ಲಿ ಗಂಧಕವನ್ನುಳ್ಳ ಸಿಸ್ಟೀನ್ ಎಂಬ ಅಮೈನೊ ಆಮ್ಲಗಳು ಆರು ಇವೆ. ಅವು ಎರಡೆರಡಾಗಿ ಬೆಸೆದುಕೊಂಡು ಮೂರು ಬಂಧಗಳಾಗುತ್ತವೆ. ಎಳೆಯ ಆರನೆಯ ಸ್ಥಾನದಲ್ಲಿರುವುದು ಇಪ್ಪತ್ತನೆಯದರೊಡನೆ, ಹದಿನಾಲ್ಕನೆಯದು ಮೂವತ್ತೊಂದನೆಯದರೊಡನೆ, ಮೂವತ್ತಮೂರನೆಯದು ನಲವತ್ತೆರಡನೆಯದರೊಡನೆ ಸೇರಿದರೆ ಮಾತ್ರ ಅದು ಇ.ಜಿ.ಎಫ್. ಆರನ್ನು ಎರಡೆರಡಾಗಿ ಜೋಡಿಸುವ ಕ್ರಮಗಳು ಹದಿನೈದು ಉಂಟು. ಅವುಗಳಲ್ಲಿ ಹದಿನಾಲ್ಕು ತಪ್ಪು. ಬ್ಯಾಕ್ಟೀರಿಯದ ಒಳಗಿನ ವಾತಾವರಣ ಇಂಥ ಬಂಧಗಳಿಗೆ ಅನುಕೂಲವಾದದ್ದಲ್ಲ. ಅಲ್ಲಿ ಪ್ರೋಟೀನು ಹಲವು ವೇಳೆ ಮಡಿಚಿಕೊಳ್ಳದೆಯೇ ಗಟ್ಟಿ ಮುದ್ದೆಗಳಾಗಿ ಕೂಡಿಕೊಂಡುಬಿಡುತ್ತದೆ. ಆಗ ಆ ಮುದ್ದೆಗಳನ್ನು ತೀಕ್ಷ್ಣ ದ್ರಾವಣಗಳಲ್ಲಿ ಕರಗಿಸಿ, ಎಳೆಯನ್ನು ಪೂರ್ತಿ ಬಿಡಿಸಿ, ಅನುಕೂಲವಾದ ದ್ರಾವಣದಲ್ಲಿ ಮೆಲ್ಲಮೆಲ್ಲನೆ ಮತ್ತೆ ಮಡಿಚಿಕೊಳ್ಳಲು ಬಿಡಬೇಕು. ಇಲ್ಲವೆ, ಪ್ರೋಟೀನಿನ ತುದಿಗೆ ಒಂದು ದಾರಿಚೀಟಿಯನ್ನು ಜೋಡಿಸಿ, ಬ್ಯಾಕ್ಟೀರಿಯದ ಎರಡು ಪೊರೆಗಳ ನಡುವಣ ಅವಕಾಶಕ್ಕೆ ಅದನ್ನು ಕಳುಹಿಸಿ, ಅಲ್ಲಿಯೇ ಬಂಧಗಳು ಕೂಡುವಂತೆ ಮಾಡಬೇಕು. ಪ್ರಕೃತಿಯಲ್ಲಿಯೂ ಈ ಪ್ರೋಟೀನಿನ ಪಕ್ವರೂಪಕ್ಕೆ ಸಕ್ಕರೆಯ ಸರಪಳಿಗಳು ಅಂಟಿಕೊಂಡಿರುವುದಿಲ್ಲವಾದ್ದರಿಂದ, ಆ ಕೌಶಲವಿಲ್ಲದ ಬ್ಯಾಕ್ಟೀರಿಯ ಇಲ್ಲಿ ಸಾಲುತ್ತದೆ. ಸಕ್ಕರೆ ಅನಿವಾರ್ಯವಾದ ಪ್ರೋಟೀನುಗಳಿಗೆ ಸಸ್ತನಿಗಳ ಜೀವಕೋಶಗಳನ್ನೇ ಆಶ್ರಯಿಸಬೇಕಾಗುತ್ತದೆ.

ಶುದ್ಧೀಕರಣದ ನಂತರ ಪರೀಕ್ಷೆ. ಅಣುವಿನ ತೂಕ ಲೆಕ್ಕಕ್ಕೆ ಸರಿಹೊಂದುತ್ತದೆಯೇ, ಜೆಲ್ಲಿನ ಮೇಲೆ ಒಂದೇ ಗೆರೆಯಾಗಿ ಓಡುತ್ತದೆಯೇ ಎಂಬವು ಸುಲಭದ ಪ್ರಶ್ನೆಗಳು. ಕಷ್ಟದ್ದು ಎಂಡೋಟಾಕ್ಸಿನ್. ಇ. ಕೋಲೈಯ ಹೊರಪೊರೆಯಲ್ಲಿರುವ ಈ ವಿಷದ ಲೇಶವೊಂದು ಪ್ರೋಟೀನಿನ ಜೊತೆಯಲ್ಲಿ ಉಳಿದುಬಂದರೂ, ರಕ್ಷಣಾಕೋಶಗಳು ಅದಕ್ಕೇ ಕೆರಳಿ ಪ್ರತಿಕ್ರಿಯಿಸುತ್ತವೆ. ಸಂಶೋಧಕನು ಅದನ್ನು ಪ್ರೋಟೀನಿನ ಪರಿಣಾಮವೆಂದು ಬರೆದುಬಿಡುವ ಅಪಾಯವಿದೆ. ಈ ವಿಷವನ್ನು ಪತ್ತೆಹಚ್ಚಲು ಬಹುಕಾಲದಿಂದ ಬಳಸುತ್ತಿರುವುದು ಸಮುದ್ರದ ಕುದುರೆಲಾಳದ ಏಡಿಯ ನೀಲಿರಕ್ತದಿಂದ ತೆಗೆದ ಸಾರ. ವಿಷ ತಾಗಿದೊಡನೆ ಅದು ಹೆಪ್ಪುಗಟ್ಟುತ್ತದೆ. ಮನುಷ್ಯನ ಪ್ರೋಟೀನನ್ನು ಬ್ಯಾಕ್ಟೀರಿಯ ಕಟ್ಟಿಕೊಟ್ಟು, ಅದರ ನಿರ್ಮಲತೆಗೆ ಏಡಿಯ ರಕ್ತ ಸಾಕ್ಷಿ ಹೇಳುವ ಈ ವ್ಯವಸ್ಥೆಯನ್ನು ನೆನೆದಾಗಲೆಲ್ಲ ನನಗೆ ಜೀವಲೋಕದ ಅಂತಸ್ಸಂಬಂಧದ ವಿಷಯದಲ್ಲಿ ಗೌರವವುಂಟಾಗುತ್ತದೆ.

ಕೊನೆಯ ಪರೀಕ್ಷೆಯೇ ನಿರ್ಣಾಯಕವಾದದ್ದು: ಇದು ಕೆಲಸಮಾಡುತ್ತದೆಯೇ? ಇಲಿಯ ಭ್ರೂಣದಿಂದ ಬಂದ 3ಟಿ3 ಎಂಬ ಜೀವಕೋಶಗಳಿಗೆ ಆಹಾರವನ್ನು ಮಿತಗೊಳಿಸಿ, ಅವು ಬೆಳೆಯದೆ ಸುಮ್ಮನಿರುವಾಗ, ಬೇರೆಬೇರೆ ಪ್ರಮಾಣಗಳಲ್ಲಿ ಇ.ಜಿ.ಎಫ್. ಕೊಟ್ಟು, ಎಷ್ಟರಲ್ಲಿ ಅವು ಮತ್ತೆ ವೃದ್ಧಿಗೆ ತೊಡಗುತ್ತವೆಂದು ಅಳೆಯುತ್ತಾರೆ. ಒಳ್ಳೆಯ ಬ್ಯಾಚಾದರೆ ಒಂದು ಮಿಲಿಲೀಟರಿನಲ್ಲಿ ಒಂದು ನ್ಯಾನೋಗ್ರಾಮಿಗಿಂತ ಕಡಮೆಯಲ್ಲೇ ಅರ್ಧಪರಿಣಾಮ ಕಾಣುತ್ತದೆ. ನ್ಯಾನೋಗ್ರಾಮೆಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಹಾಗಿದ್ದರೂ ಅಷ್ಟರಲ್ಲಿ ಈ ಪ್ರೋಟೀನಿನ ಸುಮಾರು ಹತ್ತು ಸಾವಿರ ಕೋಟಿ ಅಣುಗಳಿರುತ್ತವೆ. ಸಾಧಾರಣವಾಗಿ ಜೀವಕೋಶಗಳ ಕೃಷಿಗೆ ಮಿಲಿಲೀಟರಿಗೆ ಇಪ್ಪತ್ತು ನ್ಯಾನೋಗ್ರಾಮಿನಷ್ಟು ಹಾಕುತ್ತಾರಾದ್ದರಿಂದ, ಒಂದು ಮಿಲಿಗ್ರಾಮ್ ಪುಡಿ ಐವತ್ತು ಲೀಟರ್ ಪೋಷಕದ್ರವಕ್ಕೆ ಸಾಕಾಗುತ್ತದೆ.

ಇ.ಜಿ.ಎಫ್. ಹಾಕಿ ಏನನ್ನು ಕಂಡರು? ಬಹಳವನ್ನು ಕಂಡರು. ಅಮೆರಿಕದ ಹವರ್ಡ್ ಗ್ರೀನ್ ಅವರು ಮನುಷ್ಯನ ಹೊರಚರ್ಮದ ಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸುವ ವಿಧಾನವನ್ನು ರೂಪಿಸಿ, ಇ.ಜಿ.ಎಫ್. ಸೇರಿಸಿದರೆ ಆ ಕೋಶಗಳ ಆಯುಷ್ಯವೂ ಹರಹೂ ಹೆಚ್ಚುತ್ತವೆಂದು 1977ರಲ್ಲಿ ತೋರಿಸಿದರು. ದೇಹದ ನೂರಕ್ಕೆ ತೊಂಬತ್ತೈದು ಭಾಗಕ್ಕಿಂತ ಹೆಚ್ಚು ಸುಟ್ಟುಹೋಗಿದ್ದ ಇಬ್ಬರು ಬಾಲಕರಿಗೆ, ಅವರವರ ಅಳಿದುಳಿದ ಚರ್ಮದ ಚೂರಿನಿಂದಲೇ ಗ್ರೀನ್ ಅವರ ವಿಧಾನದಲ್ಲಿ ಬೆಳೆಸಿದ ಚರ್ಮದ ಹಾಳೆಗಳನ್ನು ಹೊದಿಸಿ ಬದುಕಿಸಿದ ವರದಿ 1984ರಲ್ಲಿ ಪ್ರಕಟವಾಯಿತು. ಅದನ್ನು ಓದಿದವರು ಇಲಿಮರಿಗಳ ಕಣ್ಣೆವೆಯನ್ನು ಕುರಿತ ಆ ಕುತೂಹಲ ವ್ಯರ್ಥವಾಗಿತ್ತೆಂದು ಎಂದಿಗೂ ಹೇಳಲಾರರು. 1992ರಲ್ಲಿ ಕೆನಡದ ರೆನಾಲ್ಡ್ಸ್ ಮತ್ತು ವೈಸ್ ಅವರು ವಯಸ್ಕ ಇಲಿಯ ಮಿದುಳಿನಿಂದ ತೆಗೆದ ಕೋಶಗಳಿಗೆ ಇ.ಜಿ.ಎಫ್. ಕೊಟ್ಟಾಗ, ಅವು ವಿಭಜಿಸಿ ಹೊಸ ನರಕೋಶಗಳನ್ನು ಹುಟ್ಟಿಸಿದುವು. ವಯಸ್ಕ ಮಿದುಳಿನಲ್ಲಿ ಅಂಥ ಶಕ್ತಿಯೇ ಇಲ್ಲವೆಂಬ ದೀರ್ಘಕಾಲದ ನಂಬಿಕೆ ಅಲುಗಾಡಿತು. 2009ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಸಾತೋ ಮತ್ತು ಕ್ಲೆವರ್ಸ್ ಅವರು, ಇ.ಜಿ.ಎಫ್. ಜೊತೆಗೆ ಇನ್ನೆರಡು ಪ್ರೋಟೀನುಗಳನ್ನು ಕೂಡಿಸಿ, ಕರುಳಿನ ಒಂದೇ ಒಂದು ಮೂಲಕೋಶದಿಂದ ಕರುಳಿನ ಒಳಪದರದ ಕಿರುರೂಪವನ್ನು ತಟ್ಟೆಯಲ್ಲಿ ಬೆಳೆಸಿದರು. ಈ ಕಿರು ಅಂಗಗಳ ಮೇಲೆ ಈಗ ಔಷಧಗಳನ್ನು ಪರೀಕ್ಷಿಸುತ್ತಿದ್ದಾರೆ.

ಇವೆಲ್ಲಕ್ಕಿಂತ ಆಳವಾದದ್ದು, ಜೀವಕೋಶದ ಹೊರಮೈಯಲ್ಲಿ ಇ.ಜಿ.ಎಫ್. ಬಂದು ತಾಗುವ ಗ್ರಾಹಕವೆಂಬ ಪ್ರೋಟೀನಿನ ಜ್ಞಾನ. ಕೋಹೆನ್ ಅವರ ತಂಡ 1980ರ ವೇಳೆಗೆ ಗ್ರಾಹಕವನ್ನು ಶುದ್ಧಪಡಿಸಿ, ಅದು ತಾನೇ ಒಂದು ಕಿಣ್ವವೆಂದೂ, ಇ.ಜಿ.ಎಫ್. ತಾಗಿದೊಡನೆ ಪ್ರೋಟೀನುಗಳಲ್ಲಿನ ಟೈರೊಸೀನ್ ಎಂಬ ಅಮೈನೊ ಆಮ್ಲಕ್ಕೆ ಫಾಸ್ಫೇಟನ್ನು ಅಂಟಿಸುತ್ತದೆಂದೂ ತೋರಿಸಿತು. 1984ರಲ್ಲಿ ಈ ಗ್ರಾಹಕಕ್ಕೂ ಕೋಳಿಗಳಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವೈರಸ್ಸಿನ ಒಂದು ಜೀನಿಗೂ ನಿಕಟವಾದ ಸಾಮ್ಯ ಕಂಡುಬಂದಾಗ, ಸಹಜವಾದ ಬೆಳವಣಿಗೆಯ ಮಾರ್ಗವೇ ಅಂಕೆ ತಪ್ಪಿದರೆ ಅರ್ಬುದವಾಗುತ್ತದೆಂಬ ಸತ್ಯ ಅಣುಗಳ ಮಟ್ಟದಲ್ಲಿ ಗೋಚರವಾಯಿತು. 2002ರಲ್ಲಿ ಸ್ಫಟಿಕಗಳ ಮೂಲಕ ನೋಡಿದಾಗ, ಎರಡು ಇ.ಜಿ.ಎಫ್.ಗಳು ಎರಡು ಗ್ರಾಹಕಗಳನ್ನು ಹಿಡಿದಿದ್ದುವು; ಆಶ್ಚರ್ಯವೆಂದರೆ ಅವು ನಡುವೆ ನಿಂತು ಗ್ರಾಹಕಗಳನ್ನು ಜೋಡಿಸಿರಲಿಲ್ಲ, ಹೊರಬದಿಗಳಲ್ಲಿ ಕುಳಿತು ಗ್ರಾಹಕದ ಭಂಗಿಯನ್ನೇ ಬದಲಿಸಿ, ಅದರ ಒಂದು ತೋಳು ಹೊರಚಾಚಿ ಇನ್ನೊಂದನ್ನು ಅಪ್ಪುವಂತೆ ಮಾಡಿದ್ದುವು.

ಈ ಜ್ಞಾನ ಕನ್ನಡನಾಡಿಗೂ ನೇರವಾಗಿ ಬಂದು ತಲಪಿದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರು ನಮ್ಮ ದೇಶದಲ್ಲಿ, ಹೊಗೆಸೊಪ್ಪಿನ ದೆಸೆಯಿಂದ, ಹೆಚ್ಚಾಗಿ ಕಾಣುವ ವ್ಯಾಧಿ; ಅದರ ಗಡ್ಡೆಗಳಲ್ಲಿ ಬಹುಪಾಲು ಇ.ಜಿ.ಎಫ್. ಗ್ರಾಹಕವನ್ನು ವಿಪರೀತವಾಗಿ ಹೊತ್ತಿರುತ್ತವೆ. ಆ ಗ್ರಾಹಕವನ್ನು ಮುಚ್ಚಿಹಾಕುವ ನಿಮೊಟುಜುಮಾಬ್ ಎಂಬ ಪ್ರತಿಕಾಯವನ್ನು, ಕ್ಯೂಬಾ ದೇಶದ ವಿಜ್ಞಾನಿಗಳ ಸಹಯೋಗದಿಂದ ತಯಾರಿಸಿ, ಬೆಂಗಳೂರಿನ ಬಯೋಕಾನ್ ಸಂಸ್ಥೆ 2006ರಲ್ಲಿ ಮಾರುಕಟ್ಟೆಗೆ ತಂದಿತು. ಇ.ಜಿ.ಎಫ್. ತಾನೇ ಔಷಧವಾಗಿರುವುದೂ ಉಂಟು: ಮಧುಮೇಹಿಗಳ ಕಾಲಿನ ವಾಸಿಯಾಗದ ಹುಣ್ಣುಗಳಿಗಾಗಿ ಕ್ಯೂಬಾದಲ್ಲಿ ಚುಚ್ಚುಮದ್ದಾಗಿಯೂ, ಹೈದರಾಬಾದಿನಲ್ಲಿ ಲೇಪನವಾಗಿಯೂ ಅದನ್ನು ತಯಾರಿಸಿದ್ದಾರೆ.

ಹಾಗಿದ್ದ ಮೇಲೆ ಸಂಶೋಧನೆಯ ಸೀಸೆಯನ್ನೇ ಗಾಯಕ್ಕೆ ಬಳಸಬಾರದೇಕೆ ಎಂದು ಯಾರಾದರೂ ಕೇಳಬಹುದು; ಸೌಂದರ್ಯವರ್ಧಕಗಳ ವ್ಯಾಪಾರದಲ್ಲಿ ಇ.ಜಿ.ಎಫ್. ಎಂಬ ಹೆಸರು ಕೇಳಿಬರುತ್ತಿರುವುದರಿಂದ ಈ ಪ್ರಶ್ನೆ ಕೇವಲ ಕಲ್ಪನೆಯದಲ್ಲ. ಅಣು ಒಂದೇ ಆಗಿರಬಹುದು; ಆದರೆ ಔಷಧವಾಗಿ ತಯಾರಾದುದರ ಪ್ರತಿಯೊಂದು ಹಂತವೂ ಸರ್ಕಾರದ ತಪಾಸಣೆಗೆ ಒಳಗಾಗಿರುತ್ತದೆ, ಕ್ರಿಮಿರಹಿತವಾಗಿರುತ್ತದೆ, ರೋಗಿಗಳ ಮೇಲೆ ಕ್ರಮವಾಗಿ ಪರೀಕ್ಷೆಗೊಂಡಿರುತ್ತದೆ. ಸಂಶೋಧನೆಯ ಪುಡಿ ತಟ್ಟೆಯಲ್ಲಿನ ಕೋಶಗಳಿಗೆ ಉತ್ತರದಾಯಿ, ಮನುಷ್ಯನಿಗೆ ಅಲ್ಲ. ಬೆಳೆಯೆಂದು ಆಜ್ಞಾಪಿಸುವ ಪದಾರ್ಥಕ್ಕೆ, ಅದು ಯಾವ ಕೋಶಕ್ಕೆ ಆಜ್ಞಾಪಿಸುತ್ತಿದೆಯೆಂಬ ವಿವೇಕವಿಲ್ಲ. ಅಡಗಿರುವ ದುಷ್ಟಕೋಶವೊಂದಕ್ಕೂ ಅದು ಅದೇ ಮಾತನ್ನು ಹೇಳಬಲ್ಲದು. ಚೀಟಿಯ ಮೇಲಿನ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸತಕ್ಕದ್ದು.

ಪ್ರಯೋಗಶಾಲೆಯಲ್ಲಿ ದುಡಿಯುವ ತರುಣರಿಗೂ ಹೇಳತಕ್ಕದ್ದಿದೆ. ಸೀಸೆಯ ಮುಚ್ಚಳ ತೆಗೆಯುವ ಮುನ್ನ ಅದನ್ನು ಒಮ್ಮೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪುಡಿಯನ್ನು ತಳಕ್ಕಿಳಿಸುವುದು, ಕರಗಿಸಿದ್ದನ್ನು ಸಣ್ಣ ಪಾಲುಗಳಾಗಿ ಹಂಚಿಟ್ಟು ಪದೇಪದೇ ಹೆಪ್ಪುಗಟ್ಟಿಸಿ ಕರಗಿಸದಿರುವುದು, ತೀರ ತೆಳುವಾದ ದ್ರಾವಣದಲ್ಲಿ ಪ್ರೋಟೀನು ಗಾಜಿನ ಗೋಡೆಗೇ ಅಂಟಿ ನಷ್ಟವಾಗದಂತೆ ಅಲ್ಬುಮಿನ್ ಸೇರಿಸುವುದು, ಇವನ್ನು ಹಿರಿಯರು ಕಲಿಸಿಯೇ ಕಲಿಸುತ್ತಾರೆ. ಆದರೆ ಬ್ಯಾಚಿನ ಸಂಖ್ಯೆಯನ್ನೂ, ಪ್ರೋಟೀನು ಬ್ಯಾಕ್ಟೀರಿಯದ್ದೋ ಯೀಸ್ಟಿನದೋ ಎಂಬುದನ್ನೂ ದಿನಚರಿಯಲ್ಲಿ ಬರೆದಿಡುವ ಮತ್ತು ಲೇಖನದಲ್ಲಿ ಪ್ರಕಟಿಸುವ ಅಭ್ಯಾಸ ಇನ್ನೂ ಸಾರ್ವತ್ರಿಕವಾಗಿಲ್ಲ. ಅದಿಲ್ಲದೆ, ವಸ್ತುವಿನ ಏಕರೂಪತೆಯಿಂದ ದೊರೆತ ಲಾಭವನ್ನು ನಾವೇ ಕೈಬಿಟ್ಟಂತಾಗುತ್ತದೆ.

ಯೀಸ್ಟಿನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿಯೇ ಮಾರುಕಟ್ಟೆಗೆ ತಂದ ನಗರ ಬೆಂಗಳೂರು. ಹೀಗಿದ್ದೂ ನಮ್ಮ ಅನೇಕ ಪ್ರಯೋಗಶಾಲೆಗಳಿಗೆ ಸಂಶೋಧನೆಯ ಈ ಸೀಸೆಗಳು ದುಬಾರಿ ಬೆಲೆಗೆ ಹೊರದೇಶಗಳಿಂದ ಬರುತ್ತವೆ. ಅವು ಬರುವುದು ತಡವಾದರೆ ವಿದ್ಯಾರ್ಥಿಯ ಕೆಲಸ ನಿಂತುಹೋಗುತ್ತದೆ. ಇ.ಜಿ.ಎಫ್.ನಂಥ ಚಿಕ್ಕ ಪ್ರೋಟೀನಿನ ತಯಾರಿಕೆಯಲ್ಲಿ ಈಗ ರಹಸ್ಯವೇನೂ ಉಳಿದಿಲ್ಲ. ಅದರ ಕ್ರಮ, ಅದರ ಬಂಧಗಳು, ಅದನ್ನು ಮಡಿಚುವ ಮತ್ತು ಪರೀಕ್ಷಿಸುವ ವಿಧಾನಗಳು ಎಲ್ಲವೂ ಪ್ರಕಟವಾಗಿ ದಶಕಗಳಾದುವು. ನಮ್ಮ ವಿಶ್ವವಿದ್ಯಾಲಯಗಳು ಕೂಡಿ, ಸಂಶೋಧನೆಗೆ ನಿತ್ಯವೂ ಬೇಕಾಗುವ ಕೆಲವು ಮಾನವ ಪ್ರೋಟೀನುಗಳನ್ನಾದರೂ ಇಲ್ಲಿಯೇ ತಯಾರಿಸಿ, ಕಟ್ಟುನಿಟ್ಟಾಗಿ ಪರೀಕ್ಷಿಸಿ, ಕೊಳ್ಳಲು ಶಕ್ತಿಯಿಲ್ಲದ ಕಾಲೇಜುಗಳಿಗೂ ಎಟಕುವ ಬೆಲೆಗೆ ಹಂಚುವ ಒಂದು ಕೇಂದ್ರವನ್ನು ಸ್ಥಾಪಿಸಬೇಕೆಂದು, ಈ ವಿಷಯದಲ್ಲಿ ಅಧಿಕಾರವುಳ್ಳವರನ್ನು ಪ್ರಾರ್ಥಿಸುತ್ತೇನೆ.